ಜೂನ್ ಒಂದನೇ ತಾರೀಖಿನ ಮಾಸ್ತರರು

ಹೋದ ತಿಂಗಳು ಮಸ್ಕಿಯಲ್ಲಿ ನಮ್ಮ ಮಾಸ್ತರರಿಗೆ ಶ್ರದ್ಧಾಂಜಲಿ ಸಭೆ ಮಾಡಿದರು. ಆರು ಜನ ಭಾಷಣ ಮಾಡಿದರು. ಆರೂ ಜನ ಅವರನ್ನು ಶಾಂತಮೂರ್ತಿ ಎಂದರು. ಒಬ್ಬರಂತೂ, 'ಅವರು ಯಾರ ಮೇಲೂ ದನಿ ಎತ್ತಿದವರಲ್ಲ' ಎಂದು ಹೇಳಿ ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಹಲ್ಲು ಕಡಿಯುತ್ತಿದ್ದೆ. ದನಿ ಎತ್ತದ ಮನುಷ್ಯರೇ? ಅವರು ಶಾಲೆಯ ಕಟ್ಟೆಯ ಮೇಲೆ ನಿಂತು ಬೈದರೆ ರಸ್ತೆಯಲ್ಲಿ ಹೋಗುವ ಎತ್ತು ಕೂಡ ಒಂದು ಗಳಿಗೆ ನಿಂತು ನೋಡುತ್ತಿತ್ತು. ಮಾತನಾಡಿದ ಆರರಲ್ಲಿ ಮೂವರು ನಿವೃತ್ತ ಹೆಡ್‌ಮಾಸ್ತರರು. ಕೊನೆಯ ಐದು ವರ್ಷ ಮಾಸ್ತರರು ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋದವರು. ಸತ್ತ ಎಮ್ಮೆ ಸೇರುಗಟ್ಟಲೆ ಹಾಲು ಕೊಡುತ್ತಿತ್ತಂತೆ ಎಂದು ನಮ್ಮವ್ವ ಅನ್ನುತ್ತಿದ್ದಳು. ಆ ಸಭೆಯಲ್ಲಿ ಹಾಲು ಹೊಳೆಯಾಗಿ ಹರಿಯಿತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಲಿಂಗಸುಗೂರಿನಲ್ಲಿ ವಕೀಲಿ ಮಾಡುವವಳು. ನನಗೆ ಬರುವ ಬರವಣಿಗೆ ಅರ್ಜಿ ಮತ್ತು ತಕರಾರು, ಎರಡೇ. ಇದನ್ನೂ ತಕರಾರು ಎಂದೇ ಓದಿಕೊಳ್ಳಿ. ಮಾಸ್ತರರ ಹೆಸರು ಬರೆಯುವುದಿಲ್ಲ, ಏಕೆಂದರೆ ಅವರ ಮಕ್ಕಳು ಇನ್ನೂ ಸರ್ಕಾರಿ ನೌಕರಿಯಲ್ಲಿದ್ದಾರೆ ಮತ್ತು ಸರ್ಕಾರಿ ಕಚೇರಿಗಳಿಗೆ ನೆನಪಿನ ಶಕ್ತಿ ಬೇಡದ ಕಡೆ ಬಹಳ ಚೆನ್ನಾಗಿರುತ್ತದೆ.

ಅವರು ಪಿಂಜಾರರ ಮನೆಯವರು. ತಂದೆ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರಂತೆ. ನಮ್ಮ ಊರಿನಲ್ಲಿ ಇವರಿಗೆ ಸಾಬ್ ಮಾಸ್ತರ್ ಎಂಬ ಹೆಸರು. ಮಸ್ಕಿಯಿಂದ ಸಂತೆಕಲ್ಲೂರಿನ ಕಡೆಗಿನ ನಮ್ಮ ಶಾಲೆಗೆ ಮೊದಲು ಸೈಕಲ್ಲಿನಲ್ಲಿ, ಆಮೇಲೆ ಶೇರ್ ಆಟೋದಲ್ಲಿ ಬರುತ್ತಿದ್ದರು. ಉದ್ದನೆಯ ಮನುಷ್ಯ, ಕಂಕುಳಲ್ಲಿ ಸದಾ ಒಂದು ಕೊಡೆ. ಅಂಗಿಯ ಜೇಬಿನಲ್ಲೇ ಸುಣ್ಣದ ಕಡ್ಡಿ ಇಟ್ಟುಕೊಳ್ಳುತ್ತಿದ್ದರಿಂದ ಜೇಬು ಯಾವಾಗಲೂ ಬೆಳ್ಳಗೆ ಇರುತ್ತಿತ್ತು. ಸಿಟ್ಟು ಬಂದರೆ ಮೊದಲು ಕನ್ನಡಕ ತೆಗೆಯುವರು, ಆಮೇಲೆ ಬಾಯಿ ತೆಗೆಯುವರು. ಆದರೆ ಒಂದು ಮಾತು ಹೇಳಬೇಕು. ಆ ಸಿಟ್ಟು ಮಕ್ಕಳ ಮೇಲೆ ಬಿದ್ದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅದೆಲ್ಲ ದೊಡ್ಡವರಿಗೆ ಮೀಸಲು. ಶಾಲೆಗೆ ಬಾರದ ಹುಡುಗಿಯ ಮನೆಯ ಮುಂದೆ ನಿಂತು ಅಪ್ಪನನ್ನು ಹೊರಗೆ ಕರೆಯುವರು. 'ಲೇ, ಮಗಳನ್ನ ಹತ್ತಿ ಬಿಡಸಾಕ ಕಳಿಸಿ ನೀ ಗಿಡದ ನೆಳ್ಳಾಗ ಬೀಡಿ ಸೇದಾಕತ್ತೀದಿ. ನಾಚಿಕಿ ಬರಂಗಿಲ್ಲೇನಲೇ ಹೌಲೇ?' ಹೌಲೇ ಎಂದರೆ ಅವರ ದಖನಿ ಉರ್ದುವಿನಲ್ಲಿ ಹುಚ್ಚಪ್ಪ ಎಂದು ಅರ್ಥ. ನಮ್ಮ ಊರಿನಲ್ಲಿ ಆ ಬಿರುದು ಸಿಗದ ಗಂಡಸು ಯಾರೂ ಉಳಿದಿರಲಿಲ್ಲ.

ಪ್ರತಿ ಜೂನಿನಲ್ಲಿ ದಾಖಲಾತಿ ರಿಜಿಸ್ಟರ್ ಹಿಡಿದು ಮನೆಮನೆಗೆ ಬರುತ್ತಿದ್ದರು. ನಮ್ಮ ಮನೆಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ.

'ಇಕಿ ಯಾವಾಗ ಹುಟ್ಯಾಳವ್ವಾ?'

'ಬರಗಾಲದ ಮುಂದಿನ ವರ್ಷರೀ. ನಮ್ಮ ಕೆಂದೆಮ್ಮಿ ಈದಿತ್ತಲ್ಲ, ಅದರ ಮರುವಾರ.'

'ಎಮ್ಮಿ ಯಾವ ತಿಂಗಳದಾಗ ಈದಿತ್ತು?'

'ಅದೆಲ್ಲಿ ನೆನಪೈತ್ರೀ ಸಾಹೇಬ್ರ. ಎಮ್ಮಿನ ಸತ್ತು ಹೋತು.'

'ಹಂಗಾರ ಬರಕೊಂತೀನಿ, ಜೂನ್ ಒಂದು.'

ಹೀಗೆ ನಾನು ಜೂನ್ ಒಂದಕ್ಕೆ ಹುಟ್ಟಿದೆ. ನನ್ನ ಇಬ್ಬರು ತಮ್ಮಂದಿರೂ ಜೂನ್ ಒಂದಕ್ಕೇ ಹುಟ್ಟಿದರು. ಬೇರೆ ತಾಲ್ಲೂಕಿನಿಂದ ಬಂದ ನನ್ನ ಗಂಡನೂ ಜೂನ್ ಒಂದು. ಆ ದಿನ ಬೆಳಗಾದರೆ ನಮ್ಮ ಮನೆಯ ನಾಲ್ಕು ಮೊಬೈಲಿಗೂ ಬ್ಯಾಂಕಿನಿಂದ ಹುಟ್ಟುಹಬ್ಬದ ಶುಭಾಶಯ ಬರುತ್ತದೆ. ಈ ಕಡೆಯ ಅರ್ಧ ಜನರ ಹುಟ್ಟುಹಬ್ಬ ಅದೇ ದಿನ. ನಾವು ಅದನ್ನು ನಗೆಚಾಟಿಕೆ ಮಾಡಿಕೊಂಡು ಬದುಕಿದ್ದೇವೆ. ಸರ್ಕಾರಿ ನೌಕರಿಯಲ್ಲಿರುವ ನನ್ನ ತಮ್ಮ ಮಾತ್ರ ನಗುವುದಿಲ್ಲ. ನಾಲ್ಕು ವರ್ಷದವನನ್ನು ಮಾಸ್ತರರು ಆರು ಎಂದು ಬರೆದರು. ಎರಡು ವರ್ಷ ಮೊದಲೇ ಮನೆಗೆ ಹೋಗಬೇಕಲ್ಲ ಎಂದು ಪ್ರತಿ ವರ್ಷ ಗೊಣಗುತ್ತಾನೆ.

ನಾಲ್ಕನ್ನು ಆರು ಎಂದು ಬರೆದದ್ದು ಏಕೆ? ಆರಕ್ಕೆ ಬೀಳದ ಮಗುವನ್ನು ಒಂದನೇ ತರಗತಿಗೆ ಸೇರಿಸುವಂತಿಲ್ಲ, ಮನೆಗೆ ವಾಪಸು ಕಳಿಸಬೇಕು. ಮನೆಯಲ್ಲಿ ಸಣ್ಣದು ಉಳಿದರೆ ಅದನ್ನು ಎತ್ತಿಕೊಳ್ಳಲು ಅಕ್ಕನೂ ಉಳಿಯಬೇಕು, ಏಕೆಂದರೆ ಅವ್ವ ಕೂಲಿಗೆ ಹೋಗಿರುತ್ತಾಳೆ. ಮಾಸ್ತರರ ಲೆಕ್ಕ ಸರಳವಾಗಿತ್ತು. 'ಸಣ್ಣಾಂವ ಸಾಲಿಗಿ ಬಂದ್ರ ಅವರಕ್ಕನೂ ಬರ್ತಾಳ. ಒಂದು ಸುಳ್ಳಿಗೆ ಎಲ್ಡು ಹುಡುಗ್ರು.' ಆ ಅಕ್ಕ ನಾನೇ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಎರಡು ವರ್ಷ ಶಾಲೆ ಬಿಟ್ಟಿದ್ದವಳು ಅವನ ಕೈ ಹಿಡಿದು ಮತ್ತೆ ಹೋದೆ. ಕೇರಿಯಿಂದ ಕರಿಕೋಟಿನವರೆಗೆ ನಾನು ಬಂದದ್ದು ಆ ಸುಳ್ಳಿನ ಮೇಲೆ. ಸುಳ್ಳು ಸುಳ್ಳೇ ಎಂದು ನನಗೆ ನೀತಿ ಹೇಳಲು ಬರುವವರು ಇದನ್ನು ಮೊದಲು ಓದಿಕೊಂಡು ಬರಲಿ.

ಆದರೆ ಎಲ್ಲರಿಗೂ ಬರೆಯುತ್ತಿರಲಿಲ್ಲ. ಒಮ್ಮೆ ಊರಿನ ಉಳ್ಳವನೊಬ್ಬ ಏಳನೇ ತರಗತಿಯ ಮಗಳ ಪ್ರಮಾಣಪತ್ರದಲ್ಲಿ ವಯಸ್ಸು ಏರಿಸಿಕೊಡಿ ಎಂದು ಬಂದ. ವರ ಗೊತ್ತಾಗಿದ್ದ. ಮಾಸ್ತರರ ಕನ್ನಡಕ ಮೇಜಿನ ಮೇಲೆ ಬಿತ್ತು. 'ಓದಾಕ ಸುಳ್ಳು ಬರೀತೀನಿ, ಮದಿವಿಗೆ ಬರಿಯಂಗಿಲ್ಲ. ಎದ್ದು ಹೋಗಲೇ ಹೊರಗ!' ಅವನು ಎದ್ದ, ಇವರೂ ಎದ್ದರು. ಕೊಡೆ ಎತ್ತಿಕೊಂಡು ರಸ್ತೆಯವರೆಗೆ ಅಟ್ಟಿಸಿಕೊಂಡು ಹೋದರು. ನಾವು ಕಿಟಕಿಗೆ ಜೋತುಬಿದ್ದು ನೋಡಿದೆವು. ಆ ವರ್ಷವೆಲ್ಲ ನಮಗೆ ಅದೇ ಆಟ, ಒಬ್ಬರು ಕೊಡೆ ಹಿಡಿದು ಅಟ್ಟುವುದು, ಇನ್ನೊಬ್ಬರು ಓಡುವುದು.

ಇನ್ನೊಂದು ಅಭ್ಯಾಸವಿತ್ತು. ರಿಜಿಸ್ಟರಿನಲ್ಲಿ ಬರೆದು ಮುಗಿಸಿದ ಮೇಲೆ ಚೀಲದಿಂದ ಒಂದು ನೋಟುಬುಕ್ಕು ತೆಗೆದು ಅದರಲ್ಲೂ ಎರಡು ಸಾಲು ಬರೆಯುತ್ತಿದ್ದರು. ಯಾರಿಗೂ ತೋರಿಸುತ್ತಿರಲಿಲ್ಲ. ಮಾಸ್ತರರು ಶಾಯರಿ ಬರೆಯುತ್ತಾರೆ ಎಂದು ನಾವು ತಿಳಿದಿದ್ದೆವು.

ಅವರು ನಿವೃತ್ತರಾಗಿ ಹತ್ತು ಹನ್ನೆರಡು ವರ್ಷಗಳಾದ ಮೇಲೆ ಒಂದು ದಿನ ಸಂತೆಕಲ್ಲೂರಿನ ಹೆಣ್ಣುಮಗಳೊಬ್ಬಳು ಲಿಂಗಸುಗೂರಿನ ನನ್ನ ಕಚೇರಿಗೆ ಬಂದಳು. ನಾಟಿ ಕೆಲಸಕ್ಕೆ ಸಿಂಧನೂರು ಕಡೆಗೆ ಹೋಗುವವಳು. ಕಾಲ್ಬೆರಳ ಸಂದಿಯಲ್ಲಿ ಗದ್ದೆಯ ಕೆಸರು ಒಣಗಿ ಇನ್ನೂ ಅಂಟಿತ್ತು. ಮಗ ಜೈಲಿನಲ್ಲಿದ್ದ. ಸಿಂಧನೂರಿನ ಒಂದು ರೈಸ್ ಮಿಲ್ಲಿನ ಗೋದಾಮಿಗೆ ಇಬ್ಬರು ದೊಡ್ಡವರು ಕನ್ನ ಹಾಕಿದ್ದರು. ಗೋಡೆಯ ಫ್ಯಾನಿನ ಕಿಂಡಿಯಲ್ಲಿ ತೂರಿ ಒಳಗಿನಿಂದ ಬಾಗಿಲು ತೆಗೆಯಲು ಇವನನ್ನು ಕರೆದುಕೊಂಡು ಹೋಗಿದ್ದರು. ಮೂವರೂ ಸಿಕ್ಕಿಬಿದ್ದರು.

'ಕಳವು ಮಾಡ್ಯಾನ್ರೀ. ನಾ ಸುಳ್ಳ ಹೇಳಂಗಿಲ್ಲ' ಎಂದಳು. 'ಆದ್ರ ಅಂವ ಸಣ್ಣಾಂವ ಅದಾನ್ರೀ. ಇನ್ನಾ ಹದಿನೇಳಕ್ಕ ಬಿದ್ದಿಲ್ಲ. ದೊಡ್ಡವರ ಜೈಲಿನ್ಯಾಗ ಇಟ್ಟಾರ.'

ಹದಿನೆಂಟು ತುಂಬದವರು ತಪ್ಪು ಮಾಡಿದರೆ ಅವರನ್ನು ಜೈಲಿನಲ್ಲಿ ಒಂದು ದಿನವೂ ಇಡುವಂತಿಲ್ಲ. ಅವರಿಗೆ ಬೇರೆ ಮಂಡಳಿ ಇದೆ, ನಮ್ಮ ಜಿಲ್ಲೆಯದು ರಾಯಚೂರಿನಲ್ಲಿ ಕೂರುತ್ತದೆ. ಇಂಥ ಹುಡುಗನಾದರೆ ಬುದ್ಧಿ ಹೇಳಿ, ಕಣ್ಣಿಟ್ಟು ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿ ಮನೆಗೆ ಕಳಿಸುತ್ತದೆ. ಹದಿನೆಂಟಕ್ಕೆ ಒಂದು ದಿನ ಹೆಚ್ಚಾದರೂ ಪೂರಾ ಗಂಡಸು, ಪೂರಾ ಜೈಲು. ವಯಸ್ಸು ಗೊತ್ತುಮಾಡಲು ಕಾನೂನು ಮೊದಲು ನೋಡುವುದು ಶಾಲೆಯ ದಾಖಲೆ. ಅದು ಇದ್ದರೆ ಮೂಳೆ ಪರೀಕ್ಷೆ ಗೀಳೆ ಪರೀಕ್ಷೆ ಯಾವುದೂ ಬೇಡ. ಪೊಲೀಸರ ಕಡತದಲ್ಲಿ ಶಾಲೆಯ ದಾಖಲೆ ಇತ್ತು. ಅದರ ಪ್ರಕಾರ ಹುಡುಗನಿಗೆ ಹದಿನೆಂಟು ವರ್ಷ ಮೂರು ತಿಂಗಳು. ಹುಟ್ಟಿದ ದಿನ, ಜೂನ್ ಒಂದು.

ಫ್ಯಾನಿನ ಕಿಂಡಿಯಲ್ಲಿ ತೂರುವ ಹೆಗಲು! ಹಿಡಿದವರಿಗೆ ಕಣ್ಣಿರಲಿಲ್ಲವೇ? ಇತ್ತು. ಆದರೆ ಕಣ್ಣಿಗಿಂತ ಕಾಗದ ಸಲೀಸು. ಕಾಗದ ಮುಂದಿಟ್ಟರೆ ಕೈ ತೊಳೆದುಕೊಳ್ಳಬಹುದು. ನಾನು ಆ ಪ್ರಮಾಣಪತ್ರ ತಿರುಗಿಸಿ ನೋಡಿದೆ. ಶಾಲೆ ನಮ್ಮದೇ. ದಾಖಲಾದ ವರ್ಷ ಮಾಸ್ತರರ ಸೇವೆಯ ಕೊನೆಯ ವರ್ಷ.

ಅದೇ ಸಂಜೆ ಮಸ್ಕಿಗೆ ಹೋದೆ. ಮಾಸ್ತರರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪ್ರಮಾಣಪತ್ರ ಕೊಟ್ಟು ಸಂಗತಿ ಹೇಳಿದೆ. ಎರಡು ಸಲ ಓದಿದರು. ಕನ್ನಡಕ ತೆಗೆದರು. ಬಾಯಿ ತೆಗೆದರು, ಆದರೆ ಬೈಯಲು ಅಲ್ಲಿ ಯಾರೂ ಇರಲಿಲ್ಲ. ಎದ್ದು ಒಳಗೆ ಹೋಗಿ ಟ್ರಂಕಿನಿಂದ ಆ ನೋಟುಬುಕ್ಕುಗಳ ಕಟ್ಟು ತಂದರು. ಶಾಯರಿ ಇರಲಿಲ್ಲ ಅದರಲ್ಲಿ. ಮಕ್ಕಳ ಹೆಸರು, ಪಕ್ಕದಲ್ಲಿ ಅವರ ತಾಯಂದಿರು ಹೇಳಿದ ಮಾತು ಇತ್ತು. ಹುಡುಗನ ಹೆಸರಿನ ಮುಂದೆ ಹೀಗಿತ್ತು: 'ಜೋಳ ಕೊಯ್ಯುವ ಮುಂದ, ಹುಣ್ಣಿಮೆ ಮರುದಿನ ಹುಟ್ಟಿದ. ನಾಲ್ಕು ವರ್ಷ ನಾಲ್ಕು ತಿಂಗಳು. ಅಕ್ಕ ಮೂರನೇತ್ತಕ್ಕ ಸಾಲಿ ಬಿಟ್ಟಾಳ.'

'ನಡಿಯವ್ವಾ, ಯಾವತ್ತು ಹೋಗೂದು ಕೋರ್ಟಿಗೆ?' ಎಂದರು.

'ಸರ್, ನೀವೇ ಸುಳ್ಳು ಬರೆದಿರಿ ಅಂತ ಕಟಕಟೆಯಲ್ಲಿ ನಿಂತು ಹೇಳಬೇಕಾಗುತ್ತೆ. ಇಲಾಖೆ ಸುಮ್ಮನೆ ಬಿಡೋದಿಲ್ಲ. ಪಿಂಚಣಿಗೆ ಕೈ ಹಾಕ್ತಾರೆ.'

'ಒಮ್ಮಿ ಸುಮ್ನಿದ್ದೆ' ಎಂದರು. 'ಅದ ಸಾಕು.'

ಒಮ್ಮೆ ಸುಮ್ಮನಿದ್ದದ್ದು ಯಾವಾಗ ಎಂದು ಗೊತ್ತಾದದ್ದು ಕೋರ್ಟಿಗೆ ಹೋಗುವ ದಿನ, ಸಿಂಧನೂರಿನ ಬಸ್ಸಿನಲ್ಲಿ. ನಾನು ಲಿಂಗಸುಗೂರಿನಿಂದ ಬರುತ್ತಿದ್ದೆ, ಅವರು ಮಸ್ಕಿಯಲ್ಲಿ ಹತ್ತಿದರು. ಸಿಂಧನೂರು ಹತ್ತಿರ ಬಂದು ಕಾಲುವೆ, ಭತ್ತದ ಗದ್ದೆ ಶುರುವಾದ ಕಡೆ ಕೈ ತೋರಿಸಿ, ಅಲ್ಲಿ ಬಂಗಾಳಿ ಕ್ಯಾಂಪ್ ಇದೆಯಲ್ಲ ಎಂದು ಮಾತು ತೆಗೆದರು. ಹೊರಗಿನವರಿಗಾಗಿ ಒಂದು ಮಾತು ಹೇಳುತ್ತೇನೆ. ಪೂರ್ವದ ಗಡಿಯಾಚೆಯ ಯುದ್ಧದ ಹೊತ್ತಿನಲ್ಲಿ ಎಲ್ಲ ಬಿಟ್ಟು ಬಂದ ಕುಟುಂಬಗಳಿಗೆ ಸರ್ಕಾರ ಇಲ್ಲಿ ಕಾಲುವೆಯ ಕೆಳಗೆ ಜಮೀನು ಕೊಟ್ಟು ಕೂರಿಸಿತು. ಅವರ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಎಂದೇ ಹೆಸರು.

'ನೌಕರಿಗೆ ಸೇರಿ ವರ್ಷ ಆಗಿರಲಿಲ್ಲ' ಎಂದರು ಮಾಸ್ತರರು. 'ಕ್ಯಾಂಪಿನ ಹುಡುಗ್ರ ವಯಸ್ಸು ಬರಿಯಾಕ ನನ್ನ, ಒಬ್ಬ ಗುಮಾಸ್ತನ್ನ ಕಳಿಸಿದ್ರು. ಅವರ ಹಂತ್ಯಾಕ ಕಾಗದಿಲ್ಲ, ಪತ್ರಿಲ್ಲ. ಅವರ ಭಾಷಾ ನನಗ ಬರಂಗಿಲ್ಲ, ನಂದು ಅವರಿಗೆ ಬರಂಗಿಲ್ಲ. ಬೆರಳ ಎಣಿಸಿ ತೋರಸ್ತಿದ್ರು. ಒಬ್ಬಾಕಿ ತಾಯಿ ಮಗನ್ನ ಮುಂದ ನಿಲ್ಲಿಸಿ ಒಂಬತ್ತು ಬೆರಳ ತೋರಿಸಿದ್ಳು. ಹನ್ನೆರಡಾದ್ರ ಪೂರಾ ರೇಷನ್, ಕೆಳಗಿದ್ರ ಅರ್ಧ ಅಂದ ಗುಮಾಸ್ತ. ಆ ಹುಡುಗನ್ನ ನೋಡಿದ್ರ ಎಲುಬಿನ ಗೂಡು. ನಾನು ನನ್ನ ಮೂರು ಬೆರಳ ಎತ್ತಿ ಆಕಿ ಬೆರಳಿನ ಬಾಜೂಕ ಹಿಡದೆ. ಆಕಿಗೆ ತಿಳೀತು. ನಕ್ಳು.'

ಬಸ್ಸಿನಲ್ಲಿ ಯಾರದೋ ಮೊಬೈಲಿನಿಂದ ಹಾಡು ಜೋರಾಗಿ ಬರುತ್ತಿತ್ತು. ಮಾಸ್ತರರು ಅದಕ್ಕಿಂತ ಜೋರಾಗಿ ಮಾತನಾಡಿದರು.

'ನಾಕು ವರ್ಷಕ್ಕ ಆ ಹುಡುಗ ಲಾರಿ ಮ್ಯಾಲಿನ ಭತ್ತ ಇಳಿಸ್ಕೊಂಡಾನ ಅಂತ ಹಿಡದ್ರು. ಅವಾಗ ಹದಿನಾರರ ಕೆಳಗಿದ್ರ ಹುಡುಗ ಅಂತ ಕಾಯ್ದೆ. ಕಾರ್ಡಿನ್ಯಾಗ ಹದಿನಾರು ಆಗಿತ್ತು, ಖರೇ ಅಂದ್ರ ಹದಿಮೂರು. ಕ್ಯಾಂಪಿನವರು ನನ್ನ ಹುಡುಕ್ಕೊಂಡು ಬಂದ್ರು. ಮಾಸ್ತರ್, ನೀ ಬರದಿದ್ದು, ನೀನ ಬಂದು ಹೇಳು ಅಂದ್ರು. ಆ ವರ್ಷ ನನ್ನ ನೌಕರಿ ಕಾಯಂ ಆಗೂದಿತ್ತು. ಜ್ವರ ಬಂದಾವ ಅಂತ ಚೀಟಿ ಕಳಿಸಿ ಮಕ್ಕೊಂಡೆ.'

ಹುಡುಗ ದೊಡ್ಡವರ ಜೈಲಿಗೆ ಹೋದ. ಬಿಡುಗಡೆಯಾದ ಮೇಲೆ ಕ್ಯಾಂಪಿಗೆ ಮರಳಲಿಲ್ಲ. ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ. ಅವನ ತಾಯಿ ನಿಧಾನಕ್ಕೆ ಕನ್ನಡ ಕಲಿತಳು. ಸಿಂಧನೂರಿನ ಸಂತೆಯಲ್ಲಿ ಸಿಕ್ಕಾಗಲೆಲ್ಲ ಮಾಸ್ತರರನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದಳಂತೆ. 'ಮಾಸ್ತರ್, ನನ್ನ ಮಗನಿಗೆ ಈಗ ಎಷ್ಟು ವಯಸ್ಸು? ನೀ ಬರೆದದ್ದು ಬೇಡ, ನಿಜ ಹೇಳು.' ಆ ವರ್ಷದಿಂದಲೇ ನೋಟುಬುಕ್ಕು ಶುರುವಾದದ್ದು.

ಮಾಸ್ತರರಿಗೂ ತಮ್ಮ ಹುಟ್ಟಿದ ದಿನ ಗೊತ್ತಿರಲಿಲ್ಲ. ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷ ಊರು ಬಿಟ್ಟು ಓಡುವಾಗ ಹಾದಿಯಲ್ಲಿ ಹುಟ್ಟಿದರಂತೆ. 'ಗದ್ದಲ ಆದಾಗ ಜನ ಕೊಡಪಾನ ಎತ್ಕೊಂಡು ಓಡ್ತಾರ, ಕೂಸಿನ್ನ ಎತ್ಕೊಂಡು ಓಡ್ತಾರ. ತಾರೀಖ ಯಾರರ ಎತ್ಕೊಂಡು ಓಡ್ತಾರೇನು? ಆಮ್ಯಾಲ ಸರ್ಕಾರ ಬಂದು ಮೊದಲ ಅದನ್ನ ಕೇಳ್ತೈತಿ' ಎಂದರು. ಅಷ್ಟರಲ್ಲಿ ಮೊಬೈಲಿನವನ ಕಡೆ ತಿರುಗಿ, 'ಬಂದ್ ಮಾಡಲೇ ಅದನ್ನ!' ಎಂದು ಗದರಿಸಿದರು. ಅವನು ಬಂದ್ ಮಾಡಿದ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಚಿಕ್ಕ ವಯಸ್ಸಿನವರು, ಚುರುಕಾದವರು. ಶಾಲೆಯ ಈ ನಮೂದು ನಿಮ್ಮ ಕೈಬರಹವೇ ಎಂದು ಕೇಳಿದರು. ಮಾಸ್ತರರು ಹೌದು ಎಂದರು. ಇದು ನಿಜವೇ?

'ಸುಳ್ಳು. ನಾನ ಬರದೀನಿ, ಗೊತ್ತಿದ್ದ ಬರದೀನಿ.'

'ಇಂಥ ಸುಳ್ಳು ಎಷ್ಟು ಬರೆದಿದ್ದೀರಿ?'

ಮಾಸ್ತರರು ಕಟಕಟೆಯಲ್ಲೇ ತಿರುಗಿ, ತರಗತಿಯಲ್ಲಿ ಕೇಳುವ ದನಿಯಲ್ಲಿ, 'ಇಲ್ಲಿ ಜೂನ್ ಒಂದಕ್ಕ ಹುಟ್ಟಿದವರು ಕೈ ಎತ್ರಿ' ಎಂದರು. ಬಾಗಿಲ ಬಳಿಯ ಜವಾನ ಕೈ ಎತ್ತಿಯೇ ಬಿಟ್ಟ. ಕೈದಿಯನ್ನು ಕರೆತಂದ ಪೇದೆ ಎತ್ತಿದ. ಹಿಂದಿನ ಬೆಂಚಿನ ಕಕ್ಷಿದಾರರಲ್ಲಿ ಏಳೆಂಟು ಕೈ ಮೇಲೆ ಹೋದವು. ಸರ್ಕಾರಿ ವಕೀಲರ ಜೂನಿಯರ್ ಅರ್ಧ ಎತ್ತಿ ಇಳಿಸಿಕೊಂಡ. ನ್ಯಾಯಾಧೀಶರು ಮೇಜು ಕುಟ್ಟಿ, ಇದು ಶಾಲೆಯಲ್ಲ ಎಂದು ಎಚ್ಚರಿಕೆ ಕೊಟ್ಟರು. ಮಾಸ್ತರರು ಕೈ ಮುಗಿದರು.

ಸರ್ಕಾರಿ ವಕೀಲರು ಬಿಡಲಿಲ್ಲ. ಅಂದು ಸುಳ್ಳು ಬರೆದವರು ಇಂದು ನಿಜ ಹೇಳುತ್ತೀರಿ ಎಂದು ನಂಬುವುದು ಹೇಗೆ?

'ಅವತ್ತು ಸುಳ್ಳು ಬರದಾಗ ನಂದೇನೂ ಹೋಗಲಿಲ್ಲರೀ. ಇವತ್ತು ಖರೆ ಹೇಳಿದ್ರ ನನ್ನ ಪಿಂಚಣಿ ಹೋಗ್ತೈತಿ. ಯಾವುದನ್ನ ನಂಬಬೇಕು, ನೀವ ಹೇಳ್ರಿ.'

ನ್ಯಾಯಾಧೀಶರು ನೋಟುಬುಕ್ಕನ್ನು ಬಹಳ ಹೊತ್ತು ತಿರುವಿ ನೋಡಿದರು. ಖಾಸಗಿ ಪುಸ್ತಕ, ಇದೊಂದೇ ಸಾಲದು, ಬೇರೆ ಪುರಾವೆ ತನ್ನಿ ಎಂದರು. ಅದು ಅವರ ತಪ್ಪಲ್ಲ. ಮಾಸ್ತರರು ಮರುದಿನವೇ ಆ ಕಡೆಯ ಆರೋಗ್ಯ ಉಪಕೇಂದ್ರಕ್ಕೆ ಹೋಗಿ ಕುಳಿತರು. ಹಳೆಯ ಲಸಿಕೆ ರಿಜಿಸ್ಟರುಗಳು ಹಿಂದಿನ ಕೋಣೆಯಲ್ಲಿ ಗೋಣಿಚೀಲಗಳಲ್ಲಿದ್ದವು. ಎಪ್ಪತ್ತು ದಾಟಿದ ಮನುಷ್ಯ ನಾಲ್ಕು ದಿನ ನೆಲದ ಮೇಲೆ ಕುಳಿತು ಒಂದೊಂದೇ ಹಾಳೆ ಬಿಡಿಸಿದರು. ಜಿರಳೆ ತಿಂದದ್ದು, ನೀರು ಕುಡಿದದ್ದು. ನಾಲ್ಕನೇ ದಿನ ಸಿಕ್ಕಿತು. ತಾಯಿಯ ಹೆಸರು, ಗಂಡು ಕೂಸು, ಒಂದೂವರೆ ತಿಂಗಳು, ಹನಿ ಹಾಕಿದ ತಾರೀಖು. ನೋಟುಬುಕ್ಕಿನ ಜೋಳದ ಕೊಯ್ಲಿಗೆ ಅದು ಸರಿಯಾಗಿ ಕೂತಿತು. ನನಗೆ ಫೋನ್ ಮಾಡಿ 'ಸಿಕ್ತವ್ವಾ' ಎಂದು ಕೆಮ್ಮಿದರು, ಧೂಳಿಗೆ.

ಇಷ್ಟು ಸಿಕ್ಕ ಮೇಲೆ ಒಂದು ವಾರದ ಕೆಲಸ. ಎಂಟು ತಿಂಗಳು ಹಿಡಿಯಿತು. ಒಂದು ದಿನಾಂಕಕ್ಕೆ ತನಿಖಾಧಿಕಾರಿ ಬಂದೋಬಸ್ತಿನಲ್ಲಿದ್ದರು. ಇನ್ನೊಂದಕ್ಕೆ ಆರೋಗ್ಯ ಕೇಂದ್ರದ ಸಾಕ್ಷಿ ರಜೆಯಲ್ಲಿದ್ದರು. ನಡುವೆ ನ್ಯಾಯಾಧೀಶರಿಗೆ ವರ್ಗವಾಯಿತು, ಹೊಸಬರು ಬರುವವರೆಗೆ ಕಡತ ಮಲಗಿತು. ಮೂರು ದಿನಾಂಕ ಹೋದದ್ದು ನಮ್ಮ ವಕೀಲರ ಬಹಿಷ್ಕಾರದಿಂದ. ಯಾರಿಗೋ ಯಾರೋ ಅವಮಾನ ಮಾಡಿದರು ಎಂದು ನಾವು ಕೆಂಪು ಪಟ್ಟಿ ಕಟ್ಟಿಕೊಂಡು ಹೊರಗೆ ನಿಂತೆವು. ನಾನೂ ನಿಂತಿದ್ದೆ. ಆ ಮೂರು ದಿನಾಂಕಗಳ ನಡುವೆ ಎಷ್ಟು ರಾತ್ರಿ ಆ ಹುಡುಗ ಗಂಡಸರ ಸಾಲಿನಲ್ಲಿ ಮಲಗಿದ ಎಂದು ನನಗೆ ಗೊತ್ತು, ಮತ್ತು ಅದನ್ನು ನೆನೆದಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಮಕ್ಕಳಿಗೆ ಪ್ರತ್ಯೇಕ ನ್ಯಾಯ ಬೇಕೆಂದು ಕಾನೂನು ಬಂದಿತು, ಹದಿನಾರನ್ನು ಹದಿನೆಂಟು ಮಾಡಿತು, ಹೆಸರು ಬದಲಾಯಿಸಿಕೊಂಡು ಮತ್ತೆ ಮತ್ತೆ ಬಂದಿತು. ಕ್ಯಾಂಪಿನ ಹುಡುಗನಿಂದ ಸಂತೆಕಲ್ಲೂರಿನ ಹುಡುಗನವರೆಗೆ ಅರ್ಧ ಶತಮಾನ. ಇಬ್ಬರೂ ಹೋಗಿ ಮಲಗಿದ್ದು ಅದೇ ಜೈಲಿನ ನೆಲದ ಮೇಲೆ.

ಮಾಸ್ತರರು ಸಾಕ್ಷಿ ಹೇಳಿದ ವಾರವೇ ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿನಿಂದ ಅವರನ್ನು ತೆಗೆದುಹಾಕಿದರು. ಶ್ರದ್ಧಾಂಜಲಿಯಲ್ಲಿ ಕಣ್ಣೊರೆಸಿಕೊಂಡರಲ್ಲ, ಅವರೇ ಗುಂಪಿನ ಯಜಮಾನರು. ಅದಕ್ಕೂ ಮೊದಲು ಮನೆಗೆ ಬಂದು ಬುದ್ಧಿ ಹೇಳಿದ್ದರು. ನಾನು ಆಗ ಅಲ್ಲೇ ಇದ್ದೆ.

'ನಿನಗ್ಯಾಕ ಬೇಕಿತ್ತು ಈ ಉಸಾಬರಿ? ನಮ್ಮೆಲ್ಲರ ರಿಜಿಸ್ಟರಿನ್ಯಾಗೂ ಜೂನ್ ಒಂದ ಐತಿ. ನಮ್ಮ ಬುಡಕ್ಕ ಕೊಡ್ಲಿ ಇಟ್ಟಿ.'

'ನಿನ್ನ ಬುಡಕ್ಕ ಕೊಡ್ಲಿ ಬಿದ್ರ ನೀ ಕೂಗ್ತಿ. ಆ ಹುಡುಗನ ಬುಡಕ್ಕ ಬಿದ್ದೈತಿ, ಅಂವ ಯಾರ ಮುಂದ ಕೂಗಬೇಕು?' ಎಂದರು ಮಾಸ್ತರರು. 'ಚಾ ಕುಡಿದು ಹೋಗು, ಆರಾಕತ್ತೈತಿ.' ಬಂದವರು ಚಹಾ ಕುಡಿಯದೆ ಎದ್ದು ಹೋದರು.

ಇಲಾಖೆಯಿಂದ ನೋಟಿಸು ಬಂತು. ಸರ್ಕಾರಿ ದಾಖಲೆಯಲ್ಲಿ ಸುಳ್ಳು ನಮೂದಿಸಿದ್ದಕ್ಕೆ ನಿಮ್ಮ ಮೇಲೆ ಕ್ರಮ ಏಕೆ ಜರುಗಿಸಬಾರದು? ಉತ್ತರ ನಾನು ಬರೆದುಕೊಡುತ್ತೇನೆ ಎಂದೆ. ಬೇಡ ಎಂದು ತಾವೇ ಬರೆದರು. 'ನಾನು ಸುಳ್ಳು ಬರೆದಿದ್ದೇನೆ. ಆ ಸುಳ್ಳಿನಿಂದ ಶಾಲೆಗೆ ಬಂದವರ ಪಟ್ಟಿ ಲಗತ್ತಿಸಿದ್ದೇನೆ. ಅವರಲ್ಲಿ ಒಬ್ಬರು ತಮ್ಮ ಕಚೇರಿಯಲ್ಲಿಯೇ ಇದ್ದಾರೆ. ಅವರನ್ನೂ ಮನೆಗೆ ಕಳಿಸುವುದಾದರೆ ತಿಳಿಸುವುದು.' ಪಟ್ಟಿ ಹನ್ನೊಂದು ಪುಟ ಇತ್ತು. ನನ್ನ ಹೆಸರೂ ಇತ್ತು. ಕ್ರಮ ಜರುಗಿಸಲೂ ಇಲ್ಲ, ಕೈಬಿಟ್ಟೆವು ಎಂದು ಹೇಳಲೂ ಇಲ್ಲ. ಆ ಕಡತ ಅವರು ಸಾಯುವವರೆಗೆ ಬಾಕಿಯೇ ಇತ್ತು, ಪರಿಷ್ಕೃತ ಪಿಂಚಣಿಯೂ ಅದರ ಜೊತೆಗೇ ನಿಂತಿತ್ತು.

ಕೊನೆಗೂ ಆದೇಶ ಬಂದಿತು. ಕಳವಿನ ದಿನ ಈತನಿಗೆ ಹದಿನಾರು ವರ್ಷ ಏಳು ತಿಂಗಳು, ಈತ ಬಾಲಕ, ಮಂಡಳಿಯ ಮುಂದೆ ಹಾಜರಾಗುವ ಷರತ್ತಿನ ಮೇಲೆ ತಾಯಿಯ ವಶಕ್ಕೆ ಕೊಡತಕ್ಕದ್ದು. ನಾವು ಮೂವರು, ತಾಯಿ, ಮಾಸ್ತರರು, ನಾನು, ಆದೇಶದ ಪ್ರತಿ ಹಿಡಿದು ಜೈಲಿನ ಗೇಟಿಗೆ ಹೋದೆವು. ಮಧ್ಯಾಹ್ನದ ಬಿಸಿಲು. ತಾಯಿ ಪ್ಲಾಸ್ಟಿಕ್ ಚೀಲದಲ್ಲಿ ಮಗನ ಅಂಗಿ ಪ್ಯಾಂಟು ಒಗೆದು ತಂದಿದ್ದಳು. ಪೊಲೀಸರು ಅವನನ್ನು ಹಿಡಿದಾಗ ಮನೆಯಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದ ಜೋಡಿಯಂತೆ. ಪಹರೆಯವನ ಕೈಗೆ ಅದನ್ನು ಒಳಗೆ ಕಳಿಸಿದೆವು.

ಬಹಳ ಹೊತ್ತಿನ ಮೇಲೆ ಹುಡುಗ ಹೊರಗೆ ಬಂದ. ತಲೆ ತಗ್ಗಿಸಿಕೊಂಡೇ ಬಂದ. ಮಾತನಾಡಿಸಿದರೆ 'ಹೌದ್ರೀ ಸಾಹೇಬ್ರ' ಎಂದ, ನನಗೂ ಅದೇ, ತಾಯಿಗೂ ಅದೇ. ತಾಯಿ ಅವನ ಮುಖ ನೋಡಲಿಲ್ಲ, ಕಾಲು ನೋಡುತ್ತಿದ್ದಳು. ಪ್ಯಾಂಟು ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲಿತ್ತು. ಅಂಗಿಯ ತೋಳು ಮುಂಗೈ ಬಿಟ್ಟು ಎಷ್ಟೋ ಹಿಂದೆ ಉಳಿದಿತ್ತು. ಬೇರೆ ಯಾರದೋ ಬಟ್ಟೆ ಕೊಟ್ಟಿದ್ದಾರೆ ಎಂದು ಅವಳು ಕಾಲರ್ ಹಿಡಿದು ತಿರುಗಿಸಿ ನೋಡಿದಳು. ತಾನೇ ಹಾಕಿದ ಹೊಲಿಗೆ ಅಲ್ಲಿತ್ತು. ಬಗ್ಗಿ ಪ್ಯಾಂಟಿನ ಅಂಚನ್ನು ಕೆಳಗೆ ಜಗ್ಗಿದಳು. ಅದು ಬರಲಿಲ್ಲ.

ಮಾಸ್ತರರು ಆ ಬರಿಗಾಲನ್ನು ನೋಡಿದರು. ಆಮೇಲೆ ಗೇಟಿನ ಕಡೆಗೆ ತಿರುಗಿದರು. ಅಲ್ಲಿ ಪಹರೆಯವನೊಬ್ಬನೇ ಇದ್ದ, ಅವನದೇನೂ ತಪ್ಪಿರಲಿಲ್ಲ. ಮಾಸ್ತರರ ದನಿಗೆ ರಸ್ತೆಯಾಚೆಯ ಚಹಾದಂಗಡಿಯವರೆಲ್ಲ ಎದ್ದು ನಿಂತರು.

'ಬೆಳದಾನ ನೋಡ್ರೀ! ಎಂಟು ತಿಂಗಳದಾಗ ನಾಕು ಬೆರಳು ಬೆಳದಾನ! ದೊಡ್ಡ ಮನುಷ್ಯಾನ್ನ ಒಳಗ ಹಾಕಿದ್ರ ಅಂವ ಬೆಳೀತಿದ್ದನೇನ್ರೀ?'